ಚಹರೆಗೆ ಸಿಕ್ಕ ದನಿ

ನ್ಯಾಯಮಂಡಳಿಯ ಅಧ್ಯಕ್ಷರು ಮೇಜಿನ ಮೇಲಿದ್ದ ಪುಟ್ಟ ಕಪ್ಪು ಪೆಟ್ಟಿಗೆಯ ಕಡೆಗೆ ಬಾಗಿ, ಸ್ವಲ್ಪ ಸಂಕೋಚದಿಂದಲೇ ಒಂದು ಹಳೆಯ ಹಾಡಿನ ಪಲ್ಲವಿಯನ್ನು ಗುನುಗಿದರು. ಪದಗಳಿರಲಿಲ್ಲ; ಶ್ರುತಿಯೂ ಅಷ್ಟಕ್ಕಷ್ಟೇ. ಅವರು ಪಲ್ಲವಿ ಮುಗಿಸುವ ಮೊದಲೇ ಪರದೆಯ ಮೇಲೆ ಹಾಡಿನ ಹೆಸರು, ರಾಗ ಹಾಕಿದವರ ಹೆಸರು, ಈಗಿನ ಹಕ್ಕುದಾರ ಸಂಸ್ಥೆಯ ಹೆಸರು ಮೂಡಿದವು. ಕೊನೆಗೊಂದು ಟಿಪ್ಪಣಿ: ಎರಡು ಕಡೆ ಸ್ವರ ತಪ್ಪಿದೆ, ಆದರೂ ಇದೇ ಹಾಡು.

ಸಭಾಂಗಣದಲ್ಲಿ ನಗು ಹರಡಿತು. ಅಧ್ಯಕ್ಷರೂ ನಕ್ಕರು.

ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಡಾ. ನಿರುಪಮಾ ಶೆಣೈ ಮಾತ್ರ ನಗಲಿಲ್ಲ. ಅದು ಆಕೆಯೇ ಕಂಡುಹಿಡಿದ ಯಂತ್ರ. ಹೆಸರು 'ಚಹರೆ'. ಅದಕ್ಕಿಂತ ಹಿಂದೆ ಇದ್ದ ಸಾಧನಗಳು ಒಂದು ಕಡತವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದವು. ವೇಗ ಬದಲಾಯಿಸಿದರೆ, ತುಂಡು ಮಾಡಿದರೆ, ಬೇರೆ ದನಿಯಲ್ಲಿ ಹಾಡಿದರೆ ಮೋಸಹೋಗುತ್ತಿದ್ದವು. ಚಹರೆ ನೋಡುವುದು ಹಾಡಿನ ಎಲುಬಿನ ಗೂಡನ್ನು. ರಸ್ತೆಯ ಆಚೆ ಹೋಗುತ್ತಿರುವ ಗೆಳೆಯ ಯಾವ ಅಂಗಿ ತೊಟ್ಟಿದ್ದರೂ ನಡಿಗೆಯಿಂದಲೇ ಗುರುತಿಸುತ್ತೇವಲ್ಲ, ಹಾಗೆ.

ಆಕೆಯ ತಾಯಿ ಮುಕ್ತಾಬಾಯಿ ಕವಿತೆಗಳಿಗೆ ರಾಗ ಹಾಕುತ್ತಿದ್ದವರು. ಅವರ ರಾಗಗಳು ಊರೂರಲ್ಲಿ ಮೊಳಗಿದವು, ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಚಹರೆ ಬಂದ ಮೇಲೆ ಅಂಥ ಎಷ್ಟೋ ಜನರ ಹೆಸರು ಅವರವರ ಹಾಡಿನ ಜೊತೆಗೆ ಬಂದು ಸೇರಿತ್ತು. ನಿರುಪಮಾಗೆ ಆ ಬಗ್ಗೆ ಹೆಮ್ಮೆಯಿತ್ತು. ಆದರೂ 2056ರ ಆ ಬೆಳಿಗ್ಗೆ, ಮಂಗಳೂರಿನ ನ್ಯಾಯಮಂಡಳಿಯಲ್ಲಿ, ಆಕೆಗೆ ನೆಮ್ಮದಿಯಿರಲಿಲ್ಲ.

ಕಾರಣ ಕಾನೂನು. ಹಿಂದೆ ಜಾಲತಾಣಗಳಿಗೆ ಒಂದು ಆಸರೆಯಿತ್ತು. ಯಾರೋ ತಂದು ಹಾಕಿದ ಕಡತ ಕದ್ದ ಮಾಲೆಂದು ಗೊತ್ತಿದ್ದೂ ಇಟ್ಟುಕೊಂಡರೆ ಮಾತ್ರ ತಾಣದವರು ಹೊಣೆ, ಗೊತ್ತಿಲ್ಲದಿದ್ದರೆ ಅಲ್ಲ. ಚಹರೆ ಬಂದ ಮೇಲೆ 'ಗೊತ್ತಿರಲಿಲ್ಲ' ಎನ್ನುವಂತಿರಲಿಲ್ಲ. ಚಹರೆ ಸಿಗುವಾಗ ಅದನ್ನು ಬಳಸದವನಿಗೂ ಗೊತ್ತಿತ್ತು ಎಂದೇ ಲೆಕ್ಕ ಎಂದು ಹೊಸ ತಿದ್ದುಪಡಿ ಹೇಳಿತು. ಕಡತ ಹಂಚುವ ತಾಣಗಳಷ್ಟೇ ಅಲ್ಲ, ದೂರವಾಣಿ ಕರೆ ಸಾಗಿಸುವ ಕಂಪನಿಗಳೂ ದಂಡಕ್ಕೆ ಹೆದರಿ ಬಾಗಿಲಲ್ಲೇ ಚಹರೆಯನ್ನು ಕೂರಿಸಿಕೊಂಡವು. ಅದು ಕೆಂಪು ತೋರಿಸಿದರೆ ತಡೆ. ಯಾರೂ ಮತ್ತೆ ತೆರೆದು ನೋಡುತ್ತಿರಲಿಲ್ಲ.

ಚಹರೆಯನ್ನು ತೆಗೆದುಹಾಕಿದ್ದವನು ಒಬ್ಬನೇ. 'ಪಡಸಾಲೆ' ಎಂಬ ತಾಣ ನಡೆಸುತ್ತಿದ್ದ ಗಿಲ್ಬರ್ಟ್ ಮಥಾಯಸ್. ತನ್ನ ತಾಣದ ಒಂದು ವಿಭಾಗದಲ್ಲಿ ಅವನು ಅದನ್ನು ನಿಲ್ಲಿಸಿದ್ದ. ಆ ಕಿಂಡಿಯಿಂದ ಕದ್ದ ಹಾಡುಗಳೂ ಸಿನಿಮಾಗಳೂ ನುಗ್ಗಿದವು. ಸ್ವರಸಂಪದ ಎಂಬ ದೊಡ್ಡ ಸಂಗೀತ ಸಂಸ್ಥೆ ಅವನ ಮೇಲೆ ದಾವೆ ಹೂಡಿತು. ಅವರ ಪರವಾಗಿ ಸಾಕ್ಷಿ ಹೇಳಲು ಬಂದವಳು ನಿರುಪಮಾ.

"ನಿಮ್ಮ ಯಂತ್ರ ತಪ್ಪು ಮಾಡುತ್ತದೆಯೇ?" ಸಂಸ್ಥೆಯ ವಕೀಲ ಹೆಬ್ಬಾರರು ಕೇಳಿದರು.

"ಇಲ್ಲವೆನ್ನುವಷ್ಟು ಕಡಿಮೆ."

"ಅಷ್ಟು ಸಾಕು, ಡಾಕ್ಟರೇ."

ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಗಿಲ್ಬರ್ಟ್ ಕಾದಿದ್ದ. ಐವತ್ತು ದಾಟಿದ, ಬೆನ್ನು ಸ್ವಲ್ಪ ಬಾಗಿದ ಮನುಷ್ಯ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಡಾಕ್ಟ್ರೇ, ಬೋಳಾರದಲ್ಲಿ ಒಂದು ಮನೆ ಉಂಟು. ಬರ್ತೀರಾ? ಕೇಸಿನ ಮಾತು ನಾನು ಆಡುದಿಲ್ಲ."

"ನಾನು ಎದುರು ಪಕ್ಷದ ಸಾಕ್ಷಿ. ಬರುವ ಹಾಗಿಲ್ಲ."

"ಹೌದು, ಗೊತ್ತುಂಟು. ಆದ್ರೂ ಕೇಳಿದೆ."

ಅವನು ಹಟ ಹಿಡಿದಿದ್ದರೆ ಮರೆಯುತ್ತಿದ್ದಳೇನೋ. ಒತ್ತಾಯ ಮಾಡಲಿಲ್ಲವೆಂಬುದೇ ಕಾಡಿತು. ಪ್ರಯೋಗಾಲಯಕ್ಕೆ ಹೋದರೆ ಕೆಲಸ ಸಾಗಲಿಲ್ಲ. ಮನೆಗೆ ಬಂದರೆ ಊಟ ಸೇರಲಿಲ್ಲ. ಮರುದಿನ ಆಕೆಯೇ ವಿಳಾಸ ಕೇಳಿಕೊಂಡು ಹೊರಟಳು.

ಅದು ಸೀತಾರಾಮ ಬಂಗೇರರ ಮನೆ. ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು. ಎರಡು ವರ್ಷದ ಹಿಂದೆ ಮಿದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತು ಮಾತು ಹೋಗಿತ್ತು. ಬಾಗಿಲು ತೆರೆದ ಹೆಂಡತಿ ಕುಸುಮಕ್ಕ ಕುರ್ಚಿ ಎಳೆದು ಹಾಕಿದರು. ಬಂಗೇರರು ನಿರುಪಮಾಳನ್ನು ನೋಡಿ ಬಾಯಿ ತೆರೆದರು. "ಬ... ಬ..." ಎಂದು ಒದ್ದಾಡಿದರು. ಆಮೇಲೆ ಕಣ್ಣು ಮುಚ್ಚಿ, ಎಡಗೈಯಿಂದ ತೊಡೆ ತಟ್ಟುತ್ತಾ, ಒಂದು ಹಳೆಯ ಸಿನಿಮಾ ಹಾಡಿನ ಧಾಟಿಯಲ್ಲಿ ಹಾಡಿದರು: "ಕೂತ್ಕೊಳ್ಳಿ, ಚಾ ಕುಡೀರಿ, ಬಿಸಿಲು ಜೋರುಂಟಲ್ಲ..."

ಒಂದು ಅಕ್ಷರವೂ ತಡವರಿಸಲಿಲ್ಲ.

ನಿರುಪಮಾಗೆ ಅದರ ವಿಜ್ಞಾನ ಗೊತ್ತಿತ್ತು. ಮಾತಿನ ಕೇಂದ್ರ ಹೆಚ್ಚಿನವರಲ್ಲಿ ಮಿದುಳಿನ ಎಡಕ್ಕೆ. ಹಾಡು ಬಲಭಾಗದ ಆಸರೆಯಲ್ಲೂ ಬದುಕುತ್ತದೆ. ಮಾತು ಹೋದ ಕೆಲವರು ಚಿಕ್ಕಂದಿನಿಂದ ಕೇಳಿದ ಧಾಟಿಗೆ ತಮ್ಮ ಮಾತು ಕೂರಿಸಿ ಆಡಬಲ್ಲರು. ಪುಸ್ತಕದಲ್ಲಿ ಓದಿದ್ದಳು. ಎದುರಿಗೆ ಕೂತು ಕೇಳಿದ್ದು ಇದೇ ಮೊದಲು.

"ಹೊಸ ರಾಗ ಕಲಿಸಿ ನೋಡ್ಲಿಲ್ವಾ ಅಕ್ಕ?" ಎಂದಳು. ತನ್ನ ಯಂತ್ರಕ್ಕೊಂದು ದಾರಿ ಹುಡುಕುತ್ತಿದ್ದೇನೆಂದು ಅವಳಿಗೇ ಅರಿವಾಯಿತು.

"ನೋಡಿದ್ದೇವೆ ಮಾರಾಯ್ರೆ. ಹೊಸತು ತಲೆಯಲ್ಲಿ ನಿಲ್ಲುದಿಲ್ಲ ಇವರಿಗೆ. ಹಳೇದೇ ಆಗ್ಬೇಕು. ಹೀಗಿರುವ ಮನೆ ಬೇರೆಯೂ ಉಂಟು. 'ನೀರು ಬೇಕು', 'ಕಾಲು ನೋಯ್ತದೆ' ಅಂತ ಹಾಡಿದ್ದನ್ನು ಪಡಸಾಲೆಗೆ ಹಾಕುದು, ಬೇರೆಯವರು ನೋಡಿ ಕಲಿಯುದು. ಎಲ್ಲ ಕೆಂಪು ಆಯ್ತು. ಗಿಲ್ಬರ್ಟಣ್ಣ ಆ ಯಂತ್ರ ತೆಗೆದುಹಾಕಿದ್ದು ಅದಕ್ಕೇ." ಕುಸುಮಕ್ಕ ಲೋಟ ಕೆಳಗಿಟ್ಟರು. "ಮಗಳು ಸಮುದ್ರ ಸಂಶೋಧನೆಯ ಹಡಗಿನಲ್ಲಿದ್ದಾಳೆ. ಅವಳು ಫೋನ್ ಮಾಡಿದ್ರೆ ಇವರು ಹಾಡಬೇಕಲ್ಲ? ಅಷ್ಟರಲ್ಲಿ ಆಚೆ ಕಡೆ ಏನೂ ಕೇಳುದಿಲ್ಲ. ಅಪ್ಪ ಸಿಟ್ಟಿನಲ್ಲಿದ್ದಾರಾ ಅಂತ ಕೇಳ್ತಾಳೆ."

ನಿರುಪಮಾ ಚಾ ಮುಗಿಸಲಿಲ್ಲ. ಹೊರಗೆ ಬಂದು ನದಿಯ ದಂಡೆಯಲ್ಲಿ ಎಷ್ಟು ಹೊತ್ತು ನಡೆದಳೋ. ಯಂತ್ರ ತಪ್ಪು ಮಾಡಿದ್ದರೆ ತಿದ್ದಬಹುದಿತ್ತು. ಅದು ತಪ್ಪು ಮಾಡಿರಲಿಲ್ಲ.

ವಿಚಾರಣೆ ಮುಂದುವರಿದ ದಿನ ಆಕೆ ಮೊದಲು ಹೆಬ್ಬಾರರ ಬಳಿಗೆ ಹೋಗಿ, ಆ ಮನೆಗೆ ಹೋಗಿಬಂದದ್ದನ್ನು ತಾನೇ ಹೇಳಿದಳು. ಅವರು ಹುಬ್ಬು ಗಂಟಿಕ್ಕಿದರು. "ನನ್ನ ಪ್ರಶ್ನೆಗಳಿಗೆ ನಿಮ್ಮ ಉತ್ತರ ಬದಲಾಗುವುದಿಲ್ಲವಲ್ಲ?"

"ಆ ಪ್ರಶ್ನೆಗಳಿಗೆ ಬದಲಾಗುವುದಿಲ್ಲ."

ಗಿಲ್ಬರ್ಟನ ಪರವಾಗಿ ಬಂಗೇರರನ್ನು ಸಾಕ್ಷಿಗೆ ಕರೆದರು. ಅವರು ಕಟಕಟೆಯ ಅಡ್ಡಪಟ್ಟಿ ಹಿಡಿದು ನಿಂತು, ಕಣ್ಣು ಮುಚ್ಚಿ ಹಾಡತೊಡಗಿದರು. ತಮ್ಮ ಹೆಸರು, ಮಾಡುತ್ತಿದ್ದ ಕೆಲಸ, ಮಾತು ಹೋದ ದಿನ, ಹಡಗಿನಲ್ಲಿರುವ ಮಗಳು. ನ್ಯಾಯಮಂಡಳಿಯ ದಾಖಲೆ ಯಂತ್ರ ಆಡಿದ ಮಾತನ್ನೆಲ್ಲ ತಾನೇ ಬರೆದುಕೊಳ್ಳುತ್ತಿತ್ತು; ಅದರೊಳಗೂ ಚಹರೆ ಕೂತಿತ್ತು. ಅಧ್ಯಕ್ಷರು ತಮ್ಮ ಪರದೆ ನೋಡಿದರು, ಮತ್ತೆ ಬಂಗೇರರನ್ನು ನೋಡಿದರು, ಮತ್ತೆ ಪರದೆಯನ್ನು. ಬಂಗೇರರ ಹೆಸರಿನ ಎದುರು ಒಂದೇ ಸಾಲಿತ್ತು: ಹಕ್ಕುಸ್ವಾಮ್ಯವುಳ್ಳ ಧ್ವನಿ, ದಾಖಲಿಸಿಲ್ಲ.

"ಡಾಕ್ಟರ್ ಶೆಣೈ, ಯಂತ್ರ ಕೆಟ್ಟಿದೆಯೇ?"

ನಿರುಪಮಾ ಎದ್ದು ನಿಂತಳು. "ಇಲ್ಲ ಸ್ವಾಮಿ. ಧಾಟಿ ಆ ಹಾಡಿನದೇ. ಅದು ಸರಿಯಾಗಿಯೇ ಹೇಳಿದೆ."

"ಮತ್ತೆ?"

"ಚಹರೆಗೆ ಹೋಲಿಕೆ ಗೊತ್ತಾಗುತ್ತದೆ. ಅಪರಾಧ ಗೊತ್ತಾಗುವುದಿಲ್ಲ. ಹಾಡಿದ್ದು ಮಾರುವುದಕ್ಕೋ, ನೀರು ಕೇಳುವುದಕ್ಕೋ, ಅದಕ್ಕೆ ತಿಳಿಯದು. ಅದು ಕೆಂಪು ತೋರಿಸಿದ್ದನ್ನೇ ತಾಣದವರ ತಿಳಿವಳಿಕೆ ಎಂದು ಕಾನೂನು ತಿಳಿದುಕೊಂಡಿದೆ."

ಹೆಬ್ಬಾರರು ಎದ್ದರು. ಅವರ ದನಿ ಮೃದುವಾಗಿಯೇ ಇತ್ತು. "ಇವರ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಇವರಿಗಾಗಿ ತೆರೆದ ಬಾಗಿಲಿನಿಂದ ಎಷ್ಟು ಜನರ ದುಡಿಮೆ ಕಳವಾಯಿತು? ನಿಮ್ಮ ತಾಯಿಯವರ ಹಾಡುಗಳೂ ಅದರಲ್ಲಿವೆ, ಡಾಕ್ಟರೇ."

"ಗೊತ್ತು. ಹಾಗಾಗಿ ಬಾಗಿಲಲ್ಲಿ ಕಾವಲೇ ಬೇಡ ಎನ್ನುತ್ತಿಲ್ಲ." ಆಕೆ ಅಧ್ಯಕ್ಷರ ಕಡೆಗೆ ತಿರುಗಿದಳು. "ಕಳವನ್ನು ಒಳಗೆ ಬಿಟ್ಟರೆ ತಾಣಕ್ಕೆ ದಂಡ ಉಂಟು. ತಪ್ಪಿಲ್ಲದವನ ಬಾಯಿ ಮುಚ್ಚಿದರೆ ಏನೂ ಇಲ್ಲ. ಅಂದಮೇಲೆ ಯಾರೇ ಆಗಲಿ ಏನು ಮಾಡುತ್ತಾರೆ? ಎಲ್ಲರ ಬಾಯಿಯನ್ನೂ ಮುಚ್ಚುತ್ತಾರೆ."

ಅಧ್ಯಕ್ಷರು ಪೇದೆಯನ್ನು ಕರೆದು ಕಾಗದ, ಪೆನ್ನು ತರಿಸಿಕೊಂಡರು. "ಬಂಗೇರರೇ, ದಯವಿಟ್ಟು ಇನ್ನೊಮ್ಮೆ ಹಾಡಿ," ಎಂದು, ಎಷ್ಟೋ ವರ್ಷಗಳಿಂದ ರೂಢಿ ತಪ್ಪಿದ ಕೈಯಿಂದ ನಿಧಾನವಾಗಿ ಬರೆದುಕೊಂಡರು.

ತೀರ್ಪು ಬಂತು. ಕದ್ದ ಹಾಡು, ಸಿನಿಮಾಗಳಿಗೆ ಪಡಸಾಲೆ ಹೊಣೆ, ದಂಡ ಕಟ್ಟಬೇಕು. ಆದರೆ ಯಂತ್ರದ ಗುರುತೊಂದನ್ನೇ ತಾಣದ ಅರಿವೆಂದು ಎಣಿಸುವಂತಿಲ್ಲ; ತಡೆಯುವ ಮೊದಲು ಮನುಷ್ಯರೊಬ್ಬರು ಕೇಳಿಸಿಕೊಳ್ಳಬೇಕು; ತಪ್ಪಾಗಿ ತಡೆದವರೂ ಅಷ್ಟೇ ಹೊಣೆ. ಸ್ವರಸಂಪದ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ತೀರ್ಪಿನ ಎರಡನೆಯ ಭಾಗಕ್ಕೆ ತಡೆಯಾಜ್ಞೆ ಸಿಕ್ಕಿತು; ಚಹರೆ ಮೊದಲಿನಂತೆಯೇ ಬಾಗಿಲಲ್ಲಿ ಉಳಿಯಿತು.

ಆ ವಾರ ನಿರುಪಮಾ ಮತ್ತೆ ಬೋಳಾರಕ್ಕೆ ಹೋದಾಗ ಬಂಗೇರರ ಮಗಳ ಕರೆ ಬಂದಿತ್ತು. ಬಂಗೇರರು ಒಂದು ಹಾಡಿನಲ್ಲಿ "ಮಗಾ, ಊಟ..." ಎಂದರು, ಥಟ್ಟನೆ ಬೇರೊಂದು ಹಾಡಿಗೆ ಹಾರಿ "ಆಯ್ತಾ ನಿಂದು..." ಎಂದರು, ಅಲ್ಲಿಂದ ಇನ್ನೊಂದಕ್ಕೆ. ಗುರುತು ಹಿಡಿಯಲು ಚಹರೆಗೆ ಎರಡು ಉಸಿರಿನಷ್ಟು ಧಾಟಿ ಬೇಕು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಕರೆ ಕಡಿದಾಗಲೆಲ್ಲ ತಾವೇ ಕಂಡುಕೊಂಡಿದ್ದರು. ಬೆವರು ಒರೆಸಿಕೊಳ್ಳುತ್ತಾ, ಸಿಕ್ಕಿಬೀಳುವ ಮೊದಲೇ ಒಂದೊಂದು ಹಾಡನ್ನೂ ಬಿಟ್ಟು ಓಡುತ್ತಿದ್ದರು. ಆಚೆ ಕಡೆಯಿಂದ ಮಗಳು ತುಣುಕುಗಳನ್ನು ಜೋಡಿಸಿಕೊಂಡು ಉತ್ತರಿಸುತ್ತಿದ್ದಳು.

ನಿರುಪಮಾಳ ಫೋನಿನಲ್ಲಿ ಸ್ವರಸಂಪದದ ಕೋರಿಕೆಯೊಂದು ಬೆಳಗಿನಿಂದ ಕಾದಿತ್ತು: ಚಹರೆಯ ಮುಂದಿನ ಆವೃತ್ತಿ ಒಂದೇ ಉಸಿರಿನಲ್ಲಿ ಹಿಡಿಯುವಂತೆ ಮಾಡಿಕೊಡಲು ಸಾಧ್ಯವೇ?

ಸಾಧ್ಯವಿತ್ತು. ಆಕೆ "ಮಾಡಿಕೊಡುವುದಿಲ್ಲ" ಎಂದು ಬರೆದು ಕಳುಹಿಸಿದಳು. ಬೇರೆ ಯಾರಾದರೂ ಮಾಡಿಯೇ ಮಾಡುತ್ತಾರೆಂದು ಗೊತ್ತಿತ್ತು.

ಬಾಗಿಲ ಬಳಿ ಗಿಲ್ಬರ್ಟ್ ನಿಂತಿದ್ದ. "ತಪ್ಪಾಗಿ ತಡೆದವನೂ ಹೊಣೆ ಅಂತ ಒಂದು ಸಾಲು," ಎಂದ. "ಈಗ ಬರೆಸ್ಲಿಕ್ಕೆ ಇಷ್ಟು ಕಷ್ಟ. ಮೂವತ್ತು ವರ್ಷದ ಹಿಂದೆ, ಇಂಥ ಯಂತ್ರ ಯಾರ ಕೈಯಲ್ಲೂ ಇಲ್ಲದಾಗ, ಎಷ್ಟು ಸುಲಭ ಇತ್ತು ಅಲ್ವಾ ಡಾಕ್ಟ್ರೇ? ಆಗ ಯಾರಾದ್ರೂ ಕೇಳಿದ್ರೆ ಸಾಕಿತ್ತು."

ಒಳಗೆ ಬಂಗೇರರು ಮುಂದಿನ ಹಾಡಿಗಾಗಿ ಉಸಿರೆಳೆದುಕೊಂಡರು.