ಹಗೆಯವರ ಮನೆಯ ಎಣ್ಣೆ

"ಸುಳ್ಳು ಹೇಳಿ ತಂದ ಎಣ್ಣಿ ಮೈಗೆ ಹಚಗೋಬ್ಯಾಡ್ರಿ ನಿಂಗರಾಜ. ಅದು ಔಷಧ ಆಗೂದಿಲ್ಲ, ವಿಷ ಆಕ್ಕತಿ."

ಪಾಸ್ಟರ್ ರಾಮಲಿಂಗಪ್ಪನ ಮಾತಿಗೆ ನಿಂಗರಾಜ ಮೀಸೆಯಡಿಯಲ್ಲೇ ನಕ್ಕ. ಸಾಲಹಳ್ಳಿಯ ಅಂಚಿನ ಆ ತಗಡಿನ ಪ್ರಾರ್ಥನಾ ಮಂದಿರಕ್ಕೆ ಅವನು ಬಂದದ್ದು ಭಕ್ತಿಯಿಂದಲ್ಲ, ಮರಗಟ್ಟಿದ ಬಲಗೈಗಾಗಿ. ದವಾಖಾನೆಗಳನ್ನೆಲ್ಲ ಸುತ್ತಿ ಮುಗಿದಿತ್ತು. ಇಲ್ಲಿಯ ಪದ್ಧತಿಯೇ ಬೇರೆ. ಯಾರ ಮೇಲೆ ಹಗೆಯಿದೆಯೋ ಅವರ ಮನೆಗೇ ಹೋಗಿ, ಮನಸ್ಸು ಬಿಚ್ಚಿ ಮಾತಾಡಿ, ಒಂದು ಬಟ್ಟಲು ಎಣ್ಣೆ ಬೇಡಿ ತರಬೇಕು. ಅದನ್ನು ಹಚ್ಚಿ ಪ್ರಾರ್ಥಿಸುತ್ತಾರೆ.

"ನಿಮ್ಮ ದೇವರಿಗೆ ಅಂಗಡಿ ಎಣ್ಣಿ ಒಗ್ಗೂದಿಲ್ಲೇನ್ರಿ?"

"ಎಣ್ಣಿ ಯಾವುದಾದ್ರೇನು, ತಮ್ಮಾ. ಮುಚ್ಚಿಟ್ಟದ್ದು ಬಾಯಿಂದ ಹೊರಗ ಬರಬೇಕು."

ಮುಚ್ಚಿಟ್ಟದ್ದೇನೋ ಇತ್ತು. ಪಾಲಾದಾಗ ನೀರಾವರಿ ಹೊಲ ತಮ್ಮ ಲಕ್ಷ್ಮಣನಿಗೆ ಹೋಗಿತ್ತು. ಆ ಹೊಟ್ಟೆಕಿಚ್ಚಿಗೆ ನಿಂಗರಾಜ ಮಂತ್ರವಾದಿಯೊಬ್ಬನ ಕೈಯಿಂದ ಒಂದು ಹಿಡಿ ಕುಸುಬಿ ಕಾಳು ಮಂತ್ರಿಸಿಕೊಂಡು ತಂದು ತಮ್ಮನ ಕುಸುಬಿ ರಾಶಿಯಲ್ಲಿ ಬೆರೆಸಿದ್ದ. ರಾಶಿ ತೂರಿದ ಲಕ್ಷ್ಮಣ ಕೈಕಾಲು ಸೆಟೆದು, ಮಾತು ನಿಂತು ಸತ್ತ. ಆಮೇಲೆ ಬೆರೆಸಿದ ಕೈಯೂ ಜೋತುಬಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಎಣ್ಣೆ ಬೇಡಲು ಹೋದಾಗ ತಮ್ಮನ ಹೆಂಡತಿ ಮಂಜುಳಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ನಿಂಗರಾಜ ದೊಡ್ಡಸ್ತಿಕೆಯಿಂದ ಹೇಳಿದ, "ನೀವು ನನ್ನ ಹೊಲ ನುಂಗಿದ್ರಿ. ಇರ್ಲಿ, ಕ್ಷಮಿಸೇನಿ. ಒಂದ್ ಬಟ್ಟಲ ಎಣ್ಣಿ ಕೊಡವಾ."

ಗಂಡನನ್ನು ಕಳೆದುಕೊಂಡವಳಿಗೆ ಕ್ಷಮೆ ದಾನ ಮಾಡಿದ, ಪುಣ್ಯಾತ್ಮ!

"ಮತ್ತ ನೀವು ಹೇಳೂದೇನರ ಐತೇನ್ರಿ, ಭಾವಾರ?"

"ಏನೂ ಇಲ್ಲ."

ಅವಳು ಒಲೆಯ ಪಕ್ಕದ ಎಣ್ಣೆ ಮುಟ್ಟದೆ ಒಳಕೋಣೆಗೆ ಹೋಗಿ, ಧೂಳು ಹಿಡಿದ ಡಬ್ಬಿ ತಂದು ಬಟ್ಟಲಿಗೆ ಸುರಿದಳು. ಎಣ್ಣೆ ಅವಳ ಬೆರಳುಗಳ ಮೇಲೂ ಹರಿಯಿತು. ಸುಟ್ಟ ಕೂದಲಿನ ನಾತ ಮೂಗಿಗೆ ಬಡಿಯಿತು.

ಭಾನುವಾರ ಮಂದಿರದ ಕಿಟಕಿಗಳನ್ನು ಮುಚ್ಚಿದ್ದರು. ಮೇಣದ ಹೊಗೆ, ಬೆವರು, ಕತ್ತಲು. ಬಿಸಿಲಿಗೆ ತಗಡು ಟಿಕ್ ಟಿಕ್ ಎನ್ನುತ್ತಿತ್ತು. ರಾಮಲಿಂಗಪ್ಪ ಎಣ್ಣೆ ಸವರಿ, "ನಮ್ಮ ತಪ್ಪುಗಳನ್ನ ಕ್ಷಮಿಸು, ಸ್ವಾಮಿ" ಎಂದು ಶುರುಮಾಡಿದ.

ಬೆರಳು ಆಡಿತು! ನಿಂಗರಾಜ ಮುಷ್ಟಿ ಹಿಡಿದ. ಬಿಟ್ಟ. ಕಣ್ಣಲ್ಲಿ ನೀರು ಬಂತು. ಗೆದ್ದೆ ಎಂದುಕೊಂಡ.

ಆಗ ಎಡಗೈ ಸೆಟೆಯಿತು. ಕಾಲು ಸೆಟೆಯಿತು, ನೆಲಕ್ಕೆ ಬಿದ್ದ. ಚರ್ಮದಡಿ ಏನೋ ಹರಿಯಿತು. ಕುಸುಬಿ ಕಾಳಿನಷ್ಟು ಸಣ್ಣದು. ಒಂದಲ್ಲ, ಒಂದು ಹಿಡಿ. ಎದೆಗೆ ಬಂತು. ಗಂಟಲಿಗೆ ಬಂತು.

"ಏನ್ ಮಾಡೀರಿ? ಹೇಳಿಬಿಡ್ರಿ!" ರಾಮಲಿಂಗಪ್ಪ ಅವನ ಭುಜ ಅಲುಗಿಸಿದ.

ಹೇಳಲು ಬಾಯಿ ತೆರೆದ. ನಾಲಿಗೆ ಏಳಲಿಲ್ಲ.

ಬಾಗಿಲು ತೆರೆಯಿತು. ಬೆಳಕಿನಲ್ಲಿ ಮಂಜುಳಾ.

"ನೀವು ರಾಶಿಗೆ ಕೈ ಹಾಕಿದ್ದು ನಾ ಕಂಡಿದ್ದೆ. ಒಂದ್ ಹಿಡಿ ಕಾಳು ಕದ್ದಿರಬೇಕು, ಹೋಗ್ಲಿ ಬಿಡು ಅಂತ ಸುಮ್ಮನಿದ್ದೆ. ನಮ್ಮನಿಯವರು ಸತ್ತ ಮ್ಯಾಲೆ ಅದ ಕುಸುಬಿ ಗಾಣಕ್ಕ ಹಾಕಿಸಿ ಬ್ಯಾರೆ ಇಟ್ಟೆ. ಅವತ್ತು ಬಾಗಿಲದಾಗ ಒಂದ್ ಮಾತು ಒಪ್ಪಿಕೊಂಡಿದ್ರ ಒಲಿ ಬಾಜೂಕಿನ ಎಣ್ಣಿ ಕೊಡತಿದ್ದೆ."

"ಇನ್ನರ ಕ್ಷಮಿಸವ್ವಾ," ರಾಮಲಿಂಗಪ್ಪ ಕೈ ಮುಗಿದ. "ಕ್ಷಮಿಸೇನಿ ಅಂತ ನೀ ಅಂದ್ರ ಇಬ್ಬರೂ ಉಳೀತೀರಿ."

"ಇಬ್ಬರೂ ಅಂದ್ರ?" ಅವಳು ನಕ್ಕಳು. "ಇಲ್ಲರಿ. ಅದೊಂದು ನನ್ನ ಕೈಲೆ ಆಗೂದಿಲ್ಲ."

ಹಣೆಯ ಬೆವರು ಒರೆಸಲು ಅವಳು ಸೆರಗು ಹಿಡಿಯಹೋದಳು. ಸೆರಗು ಬೆರಳಿಗೆ ಸಿಗಲಿಲ್ಲ. ಅವತ್ತು ಬೆರಳ ಮೇಲೆ ಎಣ್ಣೆ ಹರಿದಿದ್ದ ಬಲಗೈ ತೋಳಿನಿಂದ ಜೋತುಬಿದ್ದಿತ್ತು. ಅವಳಿನ್ನೂ ಅದನ್ನು ನೋಡಿರಲಿಲ್ಲ.

ನೆಲದ ಮೇಲಿದ್ದ ನಿಂಗರಾಜ ನೋಡಿದ. ಕೂಗಿ ಎಚ್ಚರಿಸಬೇಕೆಂದು ಜೀವನದಲ್ಲೇ ಮೊದಲ ಸಲ ಅವಳಿಗಾಗಿ ಮನಸ್ಸು ಕಲಕಿತು. ಬಾಯಿಂದ ಬರಿ ಜೊಲ್ಲು ಇಳಿಯಿತು.