ದವಡೆಯ ವಯಸ್ಸು

ಬಾಯಿ ಪೂರ್ತಿ ತೆರೆದಿತ್ತು. ಮುಚ್ಚಲು ಆಗುತ್ತಿರಲಿಲ್ಲ.

ಹಲ್ಲುಗಳ ನಡುವೆ ರಬ್ಬರಿನ ತುಂಡೊಂದನ್ನು ಸಿಕ್ಕಿಸಿದ್ದರು ಡಾಕ್ಟರಮ್ಮ. ಎಡ ದವಡೆಗೆ ಇಂಜೆಕ್ಷನ್ ಬಿದ್ದಿತ್ತು. ಅರ್ಧ ಮುಖ ನನ್ನದೇ ಅಲ್ಲ ಎನ್ನುವ ಹಾಗಾಗಿತ್ತು. ಅವರ ಕೈಯಲ್ಲಿ ಹಲ್ಲು ಕೊರೆಯುವ ಡ್ರಿಲ್ ಗುಂಯ್ ಎನ್ನುತ್ತಿತ್ತು... ನನ್ನ ಮೂಗಿನ ಮುಂದೆಯೇ!

"ಎಕ್ಸ್‌ರೇ ನೋಡಿದೆ. ನಿಮ್ಮ ಹಲ್ಲಿಗೆ ಏನೂ ಆಗಿಲ್ಲ. ಯಾರು ಕಳಿಸಿದ್ದು ನಿಮ್ಮನ್ನ?"

ಬಾಯಿಗೆ ಬಿರಡೆ ಹಾಕಿ ಪ್ರಶ್ನೆ ಕೇಳುವುದು ಯಾವ ನ್ಯಾಯ, ಸ್ವಾಮಿ? "ಆ... ಆ..." ಎಂದೆ. ಡ್ರಿಲ್ ಇನ್ನೂ ಹತ್ತಿರ ಬಂತು.

ನನ್ನ ಕಸುಬು ನಿಮಗೆ ಗೊತ್ತಲ್ಲ. ಪೊಲೀಸ್ ಕೆಲಸ ಬಿಟ್ಟ ಮೇಲೆ ಕಳೆದದ್ದನ್ನು ಹುಡುಕಿಕೊಡುತ್ತೇನೆ. ಒಮ್ಮೊಮ್ಮೆ ಸಿಕ್ಕಿದ್ದನ್ನು ಕಳೆದೂ ಕೊಡುತ್ತೇನೆ. ಆವತ್ತು ಬೆಳಿಗ್ಗೆ ನನ್ನನ್ನು ಕರೆಸಿದ್ದು ಯೂನಿವರ್ಸಿಟಿಯ ಪ್ರೊಫೆಸರ್ ಒಬ್ಬರು. ಕಂಪ್ಯೂಟರಿಗೆ ಕಣ್ಣು ಕೊಡುವುದು ಅವರ ಸಂಶೋಧನೆ. ಫೋಟೋ ತೋರಿಸಿದರೆ ಸಾಕು, ಅದರಲ್ಲಿ ಏನಿದೆ ಎಂದು ಅದೇ ನೋಡಿ ಅದೇ ಹೇಳಬೇಕು. ಅವರ ಲ್ಯಾಬಿನಿಂದ ಹಾರ್ಡ್ ಡಿಸ್ಕ್ ಒಂದು ಮಾಯವಾಗಿತ್ತು. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರಮ್ಮನ ಮೇಲೆ ಅನುಮಾನ. ಸಂಜೆ ಕೋರ್ಟಿನ ವಿಚಾರಣೆಗೆ ಮೊದಲು ಅದು ವಾಪಸ್ ಬರಬೇಕಿತ್ತು.

ಸರಿ, ಹಲ್ಲುನೋವು ಎಂದು ನಾಟಕ ಆಡಿಕೊಂಡು ಹೋದೆ. ಹೋಗಿ ಕುರ್ಚಿಯಲ್ಲಿ ಸಿಕ್ಕಿಬಿದ್ದೆ. ಮಾಡಿದ್ದುಣ್ಣೋ ಮಹಾರಾಯ!

ಡಾಕ್ಟರಮ್ಮನಿಗೆ ನನ್ನ ಕಣ್ಣು ನೋಡಿಯೇ ಉತ್ತರ ಸಿಕ್ಕಿತೇನೋ. ಡ್ರಿಲ್ ನಿಲ್ಲಿಸಿದರು, ರಬ್ಬರ್ ತೆಗೆದರು. ಮೇಲಿನವರು ನಿಮಗೆ ಆ ಹುಡುಗಿಯ ವಿಷಯ ಹೇಳಿದರಾ ಎಂದು ಕೇಳಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಆಮೇಲೆ ಅವರೇ ಹೇಳಿದರು.

ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯುವ ಹುಡುಗಿ. ಅಂಗಡಿಯ ಒಡತಿ ಒಂದು ಪೊಟ್ಟಣ ಕೊಟ್ಟು ತಲುಪಿಸಿ ಬಾ ಎಂದಿದ್ದಳು. ಹುಡುಗಿ ತಲುಪಿಸಿದಳು. ಒಳಗಿದ್ದದ್ದು ಪಿಸ್ತೂಲು. ಅದರಿಂದ ಒಬ್ಬ ಸತ್ತ. ಈಗ ಒಡತಿ ಜೈಲಿನಲ್ಲಿ, ಹುಡುಗಿ ಪೊಲೀಸರ ವಶದಲ್ಲಿ. ಹುಡುಗಿ ಇದ್ದದ್ದನ್ನು ಇದ್ದಹಾಗೆ ಪೊಲೀಸರಿಗೆ ಹೇಳಿಬಿಟ್ಟಿದ್ದಳು. ಅವಳಿಗೆ ಹದಿನೆಂಟು ತುಂಬಿಲ್ಲ ಎಂದಾದರೆ ಮಕ್ಕಳ ಆಶ್ರಯಕ್ಕೆ ಹೋಗುತ್ತಾಳೆ. ತುಂಬಿದೆ ಎಂದಾದರೆ ಹೆಂಗಸರ ಜೈಲಿಗೆ. ಅಲ್ಲಿ ಅದೇ ಒಡತಿ ಕಾಯುತ್ತಿದ್ದಾಳೆ... ಹೋದರೆ ಆ ಹುಡುಗಿ ಜೀವಂತ ಬರುವುದಿಲ್ಲ.

ಹುಟ್ಟಿದ ತಾರೀಖಿಗೆ ದಾಖಲೆ ಇಲ್ಲ. ಕೋರ್ಟು ಯೂನಿವರ್ಸಿಟಿಯನ್ನು ಕೇಳಿತು. ಎಂಜಲಿನಿಂದ ವಯಸ್ಸು ಹೇಳುವ ಜೆನೆಟಿಕ್ಸ್ ಮೇಡಂ ಹದಿನಾರರಿಂದ ಇಪ್ಪತ್ತರೊಳಗೆ ಎಂದು ಬರೆದು ಕೈ ತೊಳೆದುಕೊಂಡರು. ಬುದ್ಧಿಹಲ್ಲಿನ ಬೇರಿನ ತುದಿ ಇನ್ನೂ ಕೂಡಿಲ್ಲ, ಚಿಕ್ಕವಳೇ ಇರಬೇಕು ಎಂದರು ಡಾಕ್ಟರಮ್ಮ. ಪ್ರೊಫೆಸರರ ಮೆಷೀನ್ ಮಾತ್ರ ದವಡೆಯ ಎಕ್ಸ್‌ರೇ ನೋಡಿ ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ತೊಂದು ಎಂದಿತು.

"ಅದಕ್ಕೆ ಡಿಸ್ಕ್ ಕದ್ದೆ," ಎಂದರು ಡಾಕ್ಟರಮ್ಮ. "ಯಾವ ಫೋಟೋ ತೋರಿಸಿ ಅದಕ್ಕೆ ಪಾಠ ಹೇಳಿದ್ದಾರೆ ಅಂತ ನೋಡಬೇಕಿತ್ತು. ಕೇಳಿದರೆ ಕೊಡಲಿಲ್ಲ. ಈಗ ಇಲ್ಲಿ ನೋಡಿ."

ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದರಲ್ಲಿದ್ದ ಮೆಷೀನಿನ ಪ್ರತಿಗೆ ನನ್ನ ಎಕ್ಸ್‌ರೇ ತೋರಿಸಿದರು. ಮೂವತ್ತೆಂಟು ಎಂದಿತು. ಪರವಾಗಿಲ್ಲ, ಮರ್ಯಾದೆ ಕೊಟ್ಟಿದೆ ಅಂದುಕೊಂಡೆ. ಆಮೇಲೆ ಚಿತ್ರದ ಒಂದು ಮೂಲೆಯನ್ನು ಕತ್ತರಿಸಿ ಮತ್ತೆ ಹಾಕಿದರು.

ಹದಿಮೂರು!

ನನಗೆ! ಕಿವಿಯಲ್ಲೂ ಬಿಳಿಕೂದಲು ಬಂದಿರುವ ನನಗೆ!

ಕತೆ ಇಷ್ಟೇ. ಎಡಗಡೆ ಯಾವುದೆಂದು ತಿಳಿಯಲು ಇವರ ವಿಭಾಗದಲ್ಲಿ ಎಕ್ಸ್‌ರೇ ತೆಗೆಯುವಾಗ ಮೂಲೆಯಲ್ಲಿ ಸೀಸದ ಒಂದು ಅಕ್ಷರ ಇಡುತ್ತಾರೆ. ಮೆಷೀನಿಗೆ ತೋರಿಸಿದ ದೊಡ್ಡವರ ಚಿತ್ರಗಳೆಲ್ಲ ಇಲ್ಲಿನವು. ಮಕ್ಕಳ ಚಿತ್ರಗಳೆಲ್ಲ ಮಕ್ಕಳ ಆಸ್ಪತ್ರೆಯವು, ಅಲ್ಲಿ ಅಕ್ಷರ ಇಡುವ ಪದ್ಧತಿ ಇಲ್ಲ. ದೊಡ್ಡವರೋ ಮಕ್ಕಳೋ ಎಂದು ತೀರ್ಮಾನಿಸಲು ಮೆಷೀನ್ ಹಲ್ಲನ್ನು ನೋಡಲೇ ಇಲ್ಲ. ಅಕ್ಷರ ಇದ್ದರೆ ದೊಡ್ಡವರು, ಇಲ್ಲದಿದ್ದರೆ ಮಕ್ಕಳು ಎಂದು ಕಲಿತುಬಿಟ್ಟಿತ್ತು. ಹುಡುಗಿಯ ಎಕ್ಸ್‌ರೇ ತೆಗೆದದ್ದು ಇಲ್ಲೇ.

ಪ್ರೊಫೆಸರು ಮೆಟ್ಟಿಲು ಇಳಿದು ಬಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಕಟ್ಟಡದಲ್ಲಿ ಒಂದು ಮಹಡಿಯವರು ಇನ್ನೊಂದು ಮಹಡಿಯವರ ಮುಖ ನೋಡುವುದು ಲಿಫ್ಟಿನಲ್ಲಿ ಮಾತ್ರ. ನನಗೆ ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಬಾಗಿಲು ದಡಾರ್ ಎಂದಿತು.

ಇಬ್ಬರು. ಒಬ್ಬ ದಪ್ಪಕುತ್ತಿಗೆ, ಒಬ್ಬ ಸಣ್ಣಮೀಸೆ. ಮೆಷೀನನ್ನು ಕೊಂಡುಕೊಳ್ಳಲು ನಿಂತಿದ್ದ ಕಂಪನಿಯವರು. ಪ್ರೊಫೆಸರಿಗೆ ನನ್ನ ಮೇಲೆ ನಂಬಿಕೆ ಇತ್ತು, ಇವರಿಗೆ ಇರಲಿಲ್ಲ. ಇವರೇ ಜಾಣರು ಅನ್ನಿ.

ಡಾಕ್ಟರಮ್ಮ ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡನ್ನು ನನ್ನ ಅಂಗೈಗೆ ತುರುಕಿದರು. ನನ್ನ ಎಕ್ಸ್‌ರೇ ಅದರಲ್ಲಿತ್ತು. ಹಾರ್ಡ್ ಡಿಸ್ಕನ್ನು ನಾನೇ ಎತ್ತಿಕೊಂಡೆ. ದಪ್ಪಕುತ್ತಿಗೆ ಮುನ್ನುಗ್ಗಿದ. ಎಕ್ಸ್‌ರೇ ಕೋಣೆಯ ಸೀಸದ ಏಪ್ರನ್ ಎತ್ತಿ ಅವನ ತಲೆಯ ಮೇಲೆ ಹೊದಿಸಿಯೇಬಿಟ್ಟರು ಡಾಕ್ಟರಮ್ಮ! ಅದೇನು ಹತ್ತಿಯ ಬಟ್ಟೆಯೇ? ಆಸಾಮಿ ಮಂಡಿಯೂರಿದ. ಅವನನ್ನು ಆ ಕೋಣೆಯೊಳಗೆ ನೂಕಿ ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತರು.

"ಓಡಿ."

ಓಡಿದೆ. ಹಿಂದೆಯೇ ಸಣ್ಣಮೀಸೆ.

ಕೆಳಗಿನ ಮಹಡಿ ಜೆನೆಟಿಕ್ಸ್. ಯಾರೋ ಸಂಶೋಧನೆಗೆ ಸಾಕಿದ ನೊಣಗಳ ಬಾಟಲಿಗಳ ಟ್ರೇ ಹಿಡಿದು ಬರುತ್ತಿದ್ದರು. ಡಿಕ್ಕಿ... ಗಾಜು ಚೂರು... ನೊಣಗಳ ಮೋಡ! ತಲೆಮಾರುಗಳ ಸಂಶೋಧನೆ ಹಾರಿಹೋಯಿತು ಎಂದು ಹಿಂದೆ ಗೋಳಾಡುವುದು ಕೇಳಿಸಿತು. ಅದರ ಕೆಳಗೆ ನಿದ್ದೆ ಅಳೆಯುವವರು. ತಲೆಗೆಲ್ಲ ವೈರು ಅಂಟಿಸಿಕೊಂಡು ಹಾಯಾಗಿ ಮಲಗಿದ್ದವರ ಮಂಚಗಳ ನಡುವೆ ನುಸುಳಿದೆ. ಅವರ ಕೆಳಗೆ ಎರೆಹುಳು ಸಾಕುವವರು. ಅಲ್ಲಿನ ಒದ್ದೆ ಮಣ್ಣಿನಲ್ಲಿ ಕಾಲು ಜಾರಿತು. ಬಿದ್ದೆ.

ಸಣ್ಣಮೀಸೆ ಎದೆಯ ಮೇಲೆ ಬೂಟು ಇಟ್ಟ. ಆದರೆ ಬೀಳುವಾಗಲೇ ನಾನು ಒಂದು ಕೆಲಸ ಮಾಡಿದ್ದೆ. ಮೆಮೊರಿ ಕಾರ್ಡ್ ಮರಗಟ್ಟಿದ ಕೆನ್ನೆಯೊಳಗೆ ಹೋಗಿತ್ತು. ಅಲ್ಲಿ ಇದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ. ನುಂಗಿಬಿಟ್ಟೆನಾ ಎಂದು ಜೀವ ಹೋದಂತಾಯಿತು.

ಅವನು ಜೇಬೆಲ್ಲ ತಡಕಿದ. ಡಿಸ್ಕ್ ಕಿತ್ತುಕೊಂಡ.

"ಬೇರೇನಿದೆ?"

ಬಾಯಿಂದ ಜೊಲ್ಲು ಸುರಿಸಿದೆ. ಅಸಹ್ಯಪಟ್ಟುಕೊಂಡು, ಪಕ್ಕೆಗೆ ಒಂದು ಒದ್ದು ಹೊರಟುಹೋದ.

ಕೋರ್ಟು ರಸ್ತೆಯ ಆಚೆಗೇ ಇತ್ತು. ಮೈಯೆಲ್ಲ ಮಣ್ಣು, ತಲೆಯ ಸುತ್ತ ನೊಣ. ಹಾಗೇ ಒಳಗೆ ನುಗ್ಗಿದೆ. ಹುಡುಗಿ ಒಂದು ಬೆಂಚಿನ ತುದಿಯಲ್ಲಿ ಕೂತು, ಉಡುಪಿನ ಬಿಚ್ಚಿದ ಅಂಚನ್ನು ಬೆರಳಿನಿಂದ ಮಡಿಚುತ್ತಿದ್ದಳು. ಹಿಂದೆ ಅವಳ ತಾಯಿ. ಪ್ರೊಫೆಸರು ಲ್ಯಾಪ್‌ಟಾಪ್ ಮುಂದೆ ನಿಂತು, ಮನುಷ್ಯರಿಗೆ ಪಕ್ಷಪಾತ ಇರುತ್ತದೆ, ಯಂತ್ರಕ್ಕೆ ಇರುವುದಿಲ್ಲ ಎನ್ನುತ್ತಿದ್ದರು.

ನಾನು ಕಾರ್ಡನ್ನು ಅಂಗೈಗೆ ಉಗುಳಿ, ಅಂಗಿಗೆ ಒರೆಸಿ, ಜಡ್ಜಮ್ಮನ ಮುಂದೆ ಇಟ್ಟೆ. ಇದರಲ್ಲಿರುವ ಚಿತ್ರವನ್ನೂ ನೋಡಲು ಹೇಳಿ ಎಂದು ತೊದಲಿದೆ. ಕುಡಿದು ಬಂದಿದ್ದೀರಾ ಎಂದು ಕೇಳಿದರು ಅವರು. ಇಲ್ಲ, ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ ಎಂದೆ. ಜಡ್ಜಮ್ಮ ಕಾರ್ಡನ್ನು ಮುಂದಕ್ಕೆ ತಳ್ಳಿದರು. ಹಾಕಿ ನೋಡಿ ಎಂದು ಪ್ರೊಫೆಸರಿಗೆ ಹೇಳಿದರು.

ಮೂವತ್ತೆಂಟು. ಪ್ರೊಫೆಸರು ನಕ್ಕರು.

ಈಗ ಮೂಲೆಯ ಅಕ್ಷರ ಕತ್ತರಿಸಿ ಹಾಕಿ ಎಂದೆ. ನಗು ಅಲ್ಲೇ ನಿಂತಿತು. ಆ ಮನುಷ್ಯ ದಡ್ಡನಲ್ಲ ಸ್ವಾಮಿ. ಕತ್ತರಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. ಆದರೂ ಕತ್ತರಿಸಿದರು.

ಹದಿಮೂರು.

"ಯಾರ ಹಲ್ಲು ಇದು?" ಎಂದರು ಜಡ್ಜಮ್ಮ.

ನಾನು ಬಾಯಿ ತೆರೆದು ತೋರಿಸಿದೆ.

ಮೆಷೀನಿನ ವರದಿ ಅಲ್ಲಿಗೆ ಬಿದ್ದುಹೋಯಿತು. ಉಳಿದದ್ದು ಬೇರು ಕೂಡದ ಹಲ್ಲು, ಹದಿನಾರರಿಂದ ಇಪ್ಪತ್ತು ಎಂಬ ಎಂಜಲು. ಅನುಮಾನ ಇದ್ದಾಗ ಅದರ ಲಾಭ ಹುಡುಗಿಗೇ ಸೇರಬೇಕು ಎಂದು ಜಡ್ಜಮ್ಮ ತೀರ್ಪು ಕೊಟ್ಟರು. ಮಕ್ಕಳ ಆಶ್ರಯದ ಗಾಡಿ ಹತ್ತುವಾಗ ಹುಡುಗಿ ಅತ್ತಳು. ತಾಯಿ ನನ್ನ ಮಣ್ಣು ಕೈಗಳನ್ನೇ ಹಿಡಿದುಕೊಂಡು ಅಣ್ಣಾ ಎಂದರು.

ಮೆಟ್ಟಿಲ ಮೇಲೆ ಪ್ರೊಫೆಸರು ಕುಸಿದು ಕೂತಿದ್ದರು. ನಾನು ಪಕ್ಕದಲ್ಲೇ ಕೂತೆ. ಒಂದು ಪ್ರಶ್ನೆ ಕೊರೆಯುತ್ತಿತ್ತು.

"ಸರ್, ನಿಮ್ಮ ಮೆಷೀನ್ ಇದಕ್ಕೆ ಮುಂಚೆ ಇನ್ಯಾರ ಹಲ್ಲನ್ನಾದರೂ ನೋಡಿತ್ತಾ?"

ನೋಡಿತ್ತು ಎಂದರು. ಹೋದ ವರ್ಷ ಲಾರಿ ತೊಳೆಯುವವನೊಬ್ಬನ ಕೇಸು. ಹದಿನೇಳು ಎಂದು ಅವನು ಬಡಕೊಂಡ. ಮೂಲೆಯಲ್ಲಿ ಅದೇ ಅಕ್ಷರವಿದ್ದ ಎಕ್ಸ್‌ರೇ ನೋಡಿ ಹದಿನೆಂಟು ತುಂಬಿದೆ ಎಂದಿತು ಮೆಷೀನ್. ದೊಡ್ಡವರ ಜೈಲಿಗೆ ಹಾಕಿದರು. ಇನ್ನೂ ಅಲ್ಲೇ ಇದ್ದಾನೆ.

"ಅವನ ವಿಷಯದಲ್ಲಿ ಈಗ ಏನು ಮಾಡಲಿ?" ಎಂದು ನನ್ನನ್ನೇ ಕೇಳಿದರು.

"ಚಿಂತೆ ಯಾಕೆ ಸರ್? ಈಗ ಅವನಿಗೆ ಹದಿನೆಂಟು ತುಂಬಿದೆ. ನಿಮ್ಮ ಮೆಷೀನ್ ಹೇಳಿದ್ದೇ ಸರಿ ಆಯ್ತಲ್ಲ."