ಮೈಕಿನಲ್ಲಿ ಹೇಳಿದ ಮಾತು

"ಅಯ್ಯೋ... ಯಾರೋ ಗಂಡಸು ಬರ್ತಾ ಇದ್ದಾನೆ!"

ಗೆಳತಿ ಜುಬೈದಾಳ ಪಿಸುದನಿ ಕೇಳಿದ್ದೇ ತಡ, ಕೇದಗೆ ಪೊದೆಯ ಹಿಂದೆ ಕುಳಿತಿದ್ದ ಸ್ವರ್ಣಲತಾಳ ಎದೆ ಧಸಕ್ಕೆಂದಿತು. ಇನ್ನೂ ಬೆಳಕು ಹರಿದಿರಲಿಲ್ಲ. ಕಾಪುವಿನ ದೀಪಸ್ತಂಭದಿಂದ ದಕ್ಷಿಣಕ್ಕಿದ್ದ ಆ ಮರಳಿನ ತುಂಡು ಹೆಂಗಸರದ್ದು. ಕೇರಿಯ ಒಂದು ಮನೆಯಲ್ಲೂ ಕಕ್ಕಸು ಇಲ್ಲದ ಕಾಲ, ಎಪ್ಪತ್ತೊಂಬತ್ತರ ಡಿಸೆಂಬರ್. ಮೀನುಗಾರರ ಮನೆಯವರು, ಬ್ಯಾರಿ ಮುಸ್ಲಿಮರ ಮನೆಯವರು, ಎಲ್ಲ ಹೆಂಗಸರೂ ಒಟ್ಟಾಗಿ ನಸುಕಿನಲ್ಲಿ ಅಲ್ಲಿಗೇ ಬರುತ್ತಿದ್ದರು. ಆ ಹೊತ್ತಿಗೆ ಗಂಡಸರು ಅತ್ತ ತಲೆ ಹಾಕುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ ನಿಯಮವಲ್ಲ, ಆದರೂ ಊರಿಗೆಲ್ಲ ಗೊತ್ತಿತ್ತು.

ಈ ಮಹಾಶಯನಿಗೆ ಮಾತ್ರ ಗೊತ್ತಿರಲಿಲ್ಲ!

ಚಡ್ಡಿ, ಬನಿಯನ್ನಿನಲ್ಲಿ ಓಡುತ್ತಾ ಬಂದವನು ಪೊದೆ ದಾಟಿದ. ಕಣ್ಣಿಗೆ ಕಣ್ಣು ಸಿಕ್ಕಿತು... ಒಂದೇ ಕ್ಷಣ. ಮರುಕ್ಷಣ ಅವನು ನೇರ ಸಮುದ್ರಕ್ಕೇ ಓಡಿದ! ಸೊಂಟಮಟ್ಟದ ನೀರಿನಲ್ಲಿ ಇವರಿಗೆ ಬೆನ್ನು ಹಾಕಿ ನಿಂತುಬಿಟ್ಟ.

ಹೆಂಗಸರು ಸೀರೆ ಸರಿಮಾಡಿಕೊಂಡು ಎದ್ದೆವೋ ಬಿದ್ದೆವೋ ಎಂದು ಹೊರಟರು. ಸ್ವರ್ಣಲತಾ ದೂರದಿಂದ ತಿರುಗಿ ನೋಡಿದಳು. ಅವನು ಚಳಿಯಲ್ಲಿ ನಡುಗುತ್ತಾ ಇನ್ನೂ ಹಾಗೇ ನಿಂತಿದ್ದ.

"ಪಾಪ ಮಾರಾಯ್ತಿ, ಮುಳುಗಿ ಸತ್ತರೆ ನಮ್ಮ ತಲೆಗೆ ಬರ್ತದೆ!" ಜುಬೈದಾ ದಾರಿಯುದ್ದಕ್ಕೂ ನಕ್ಕಳು.

ಸ್ವರ್ಣಲತಾಳಿಗೆ ನಗು ಬರಲಿಲ್ಲ. 'ನನ್ನ ಮುಖವನ್ನೇ ನೋಡಿದ... ಛೀ! ಅವನ ಕಣ್ಣಿಗೆ ನಾನು ಬೀಳಬೇಕಾದದ್ದು ಇಲ್ಲಿಯೇ?'

ಅವನ ಹೆಸರು ಲೀಲಾಧರ. ಕಾರ್ಕಳದ ಹತ್ತಿರದ ನಿಟ್ಟೆಯವನು, ಕಲ್ಲಿನ ಕೋರೆಯಲ್ಲಿ ಕೆಲಸ, ಕಬಡ್ಡಿಯಲ್ಲಿ ಹುಲಿ. ಕಾಪುವಿನ ಕಡಲತೀರದಲ್ಲಿ ರಾಜ್ಯಮಟ್ಟದ ಕಬಡ್ಡಿ ಪಂದ್ಯಾಟ ನಡೆಯುವುದಿತ್ತು. ಅದಕ್ಕೆ ಜಿಲ್ಲೆಯ ತಂಡದ ತಯಾರಿಗೆಂದು ಬಂದು ಶಾಲೆಯಲ್ಲಿ ಉಳಿದಿದ್ದ.

ಊರಿನ ಗಂಡಸರ ಕಾಲು ನೆಲದ ಮೇಲಿರಲಿಲ್ಲ. "ಬೆಂಗಳೂರು, ಬೊಂಬಾಯಿಯಿಂದ ಜನ ಬರ್ತಾರೆ. ಇನ್ನು ನಮ್ಮದು ಟೂರಿಸ್ಟ್ ಪ್ಲೇಸ್!" ಎಂದು ಸಮಿತಿಯ ಅಧ್ಯಕ್ಷ, ದೋಣಿಯ ಧಣಿ ಬೂಬಣ್ಣ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಹೆಂಗಸರನ್ನು ಯಾರೂ ಕೇಳಲಿಲ್ಲ. ಆದರೂ ಸ್ವರ್ಣಲತಾಳಿಗೂ ಹೆಮ್ಮೆಯೇ. ನಮ್ಮ ಊರಿನ ಹೆಸರು ಪೇಪರಿನಲ್ಲಿ ಬರುತ್ತದೆಂದರೆ ಸಾಮಾನ್ಯವೇ!

ಸಂಜೆ ತಾನು ಸುತ್ತಿದ ಬೀಡಿಯ ಕಟ್ಟು ಅಂಗಡಿಗೆ ಕೊಡಲು ಹೋಗುವಾಗ ಅವಳ ಕಾಲು ತಾನಾಗಿ ಆಟದ ಅಂಕಣದ ಕಡೆಗೆ ಹೊರಳುತ್ತಿತ್ತು. ಒಂದು ಸಂಜೆ ಅವನೇ ಎದುರು ಬಂದ. ಕಿವಿ ಕೆಂಪಾಗಿತ್ತು.

"ಆವತ್ತು... ನನಗೆ ಗೊತ್ತಿರಲಿಲ್ಲ. ತಪ್ಪಾಯಿತು."

"ಯಾವತ್ತು? ಎಂತದ್ದು? ನನಗೊಂದೂ ಗೊತ್ತಿಲ್ಲ!" ಎಂದು ಓಡಿಬಂದಳು. ಆದರೆ ಮರುದಿನವೂ ಅದೇ ದಾರಿ ಹಿಡಿದಳು... ಅದರ ಮರುದಿನವೂ. ಅವನು ಮುಗುಳ್ನಕ್ಕರೆ ಇವಳಿಗೆ ರಾತ್ರಿಯೆಲ್ಲ ಅದೇ ಧ್ಯಾನ.

ಅಷ್ಟರಲ್ಲಿ ಆ ಮರಳಿಗೆ ಬೇಲಿ ಬಿತ್ತು. ತೆಂಗಿನ ಮಡಲಿನ ಎತ್ತರದ ಬೇಲಿ. ದೊಣ್ಣೆ ಹಿಡಿದ ಸ್ವಯಂಸೇವಕರು ಬೇರೆ! "ಬೀಚ್ ಕ್ಲೀನ್ ಇರಬೇಕು. ಯಾರೂ ಬರಬಾರದು," ಎಂದು ಹೆಂಗಸರನ್ನು ಅಟ್ಟಿದರು. ಕತ್ತಲಾಗುವವರೆಗೆ ಹೊಟ್ಟೆ ಹಿಡಿದುಕೊಂಡು ಕೂರಬೇಕಾಯಿತು. ಜುಬೈದಾಳ ಅತ್ತೆ ಕುಂಞಿಪಾತುಮ್ಮ ದೂರದ ಗದ್ದೆಯ ಬದುವಿಗೆ ಹೋಗಿ, ಜಾರಿ ಬಿದ್ದು ಕಾಲು ಮುರಿದುಕೊಂಡರು.

ಸ್ವರ್ಣಲತಾಳಿಗೆ ರಕ್ತ ಕುದಿಯಿತು. 'ಊರಿನ ಗಂಡಸರು ಇಷ್ಟು ದಿನ ಆ ಮಾತು ಎತ್ತಿದ್ದಿಲ್ಲ. ಕಣ್ಣಾರೆ ನೋಡಿದವನು ಅವನೊಬ್ಬನೇ. ಆ ಜಾಗ ಗಲೀಜು ಅಂತ ಸಮಿತಿಗೆ ಹೋಗಿ ಹೇಳಿದ್ದಾನೆ! ನಾಲ್ಕು ಜನರ ಎದುರು ನಕ್ಕಿರಲೂಬಹುದು...'

ನೆಟ್ಟಗೆ ಅಂಕಣಕ್ಕೇ ಹೋದಳು. ತಂಡದವರು, ಬೂಬಣ್ಣ, ಅರ್ಧ ಊರೇ ಅಲ್ಲಿತ್ತು.

"ಹೆಂಗಸರು ಇರುವಲ್ಲಿಗೆ ನಸುಕಿನಲ್ಲಿ ಬಂದು ಇಣುಕುವವನನ್ನು ನೀವು ತಂಡದಲ್ಲಿ ಇಟ್ಟುಕೊಂಡಿದ್ದೀರಾ?"

ಎಲ್ಲರ ಕಣ್ಣೂ ಲೀಲಾಧರನ ಮೇಲೆ.

"ಸ್ನಾನ ಮಾಡುವಲ್ಲಿಗಾ?" ತಂಡದ ಪರವೂರಿನವನೊಬ್ಬ ಕೇಳಿದ.

ಅವಳು ಅಲ್ಲ ಎನ್ನಲಿಲ್ಲ. ಆ ಇನ್ನೊಂದು ಮಾತು ಬಾಯಿಗೆ ಹೇಗೆ ಬಂದೀತು! ಲೀಲಾಧರ ಒಮ್ಮೆ ಅವಳ ಮುಖ ನೋಡಿದ, ತಲೆ ತಗ್ಗಿಸಿದ. ಸಮರ್ಥನೆಗೆ ಒಂದಕ್ಷರ ಆಡಲಿಲ್ಲ. ಸಂಜೆಯ ಬಸ್ಸಿಗೇ ಅವನನ್ನು ಊರಿಗೆ ಕಳಿಸಿದರು.

ಮರುದಿನ ಜುಬೈದಾ ಓಡಿಬಂದಳು. ಅವಳ ಗಂಡ ಜಮಾಲುದ್ದೀನ್ ಸಮಿತಿಯಲ್ಲಿದ್ದವನು.

"ಎಂತ ಮಾಡಿದೆ ಸ್ವರ್ಣಾ! ಬೇಲಿಯ ಮಾತು ಬಂದಾಗ ಬೇಡ ಅಂದದ್ದು ಅವನು ಒಬ್ಬನೇ ಅಂತೆ! 'ಯಾಕೆ, ಕಾರಣ ಹೇಳು' ಅಂತ ಎಲ್ಲರೂ ನಗಾಡಿದರಂತೆ. 'ಕಾರಣ ಕೇಳಬೇಡಿ, ಅಲ್ಲಿ ಬೇಡ' ಅಂದನಂತೆ, ಅಷ್ಟೇ. ನಸುಕಿನಲ್ಲಿ ನಮ್ಮನ್ನು ಕಂಡ ಆವತ್ತಿನಿಂದ ತಂಡದ ಹುಡುಗರನ್ನೆಲ್ಲ ಮರಳಿಗೆ ಬಿಡದೆ ರಸ್ತೆಯಲ್ಲೇ ಓಡಿಸಿದ್ದಾನೆ."

ಸ್ವರ್ಣಲತಾಳ ಕೈಯಿಂದ ಬೀಡಿಯ ಮೊರ ಜಾರಿತು.

ಅವನು ಬಾಯಿಬಿಟ್ಟಿದ್ದರೆ ಉಳಿಯುತ್ತಿದ್ದ. 'ಗೊತ್ತಿಲ್ಲದೆ ಅತ್ತ ಓಡಿದೆ, ಇವರು ಅಲ್ಲಿ ಇದಕ್ಕೆ ಕೂತಿದ್ದರು' ಎಂದಿದ್ದರೆ ಸಾಕಿತ್ತು. ಅಷ್ಟು ಜನರ ನಡುವೆ ನನ್ನ ಮಾನ ಹೋಗಬಾರದೆಂದು ತನ್ನ ಮಾನ ಬಿಟ್ಟ. ನಾನು? ಒಂದು ಮಾತಿಗೆ ನಾಚಿ, ಅವನ ಮೇಲೆ ಸುಳ್ಳು ಹೊರಿಸಿದೆ... ಅವಳಿಗೆ ತನ್ನ ಮುಖ ತಾನೇ ನೋಡಲಾಗಲಿಲ್ಲ.

ಭಾನುವಾರ ಅಂಕಣದಲ್ಲಿ ಊರಿನ ಸಭೆ. ಬೂಬಣ್ಣ ಮೈಕಿನಲ್ಲಿ ಪ್ರವಾಸಿಗರನ್ನು ಸ್ವಾಗತಿಸುವುದು ಹೇಗೆಂದು ವಿವರಿಸುತ್ತಿದ್ದ. ಸ್ವರ್ಣಲತಾ ಗಂಡಸರ ನಡುವಿನಿಂದ ನಡೆದು ಹೋದಳು.

"ಬೂಬಣ್ಣ, ಮೈಕ್ ಕೊಡಿ."

ಅವನು ಗಾಬರಿಯಲ್ಲೇ ಕೊಟ್ಟುಬಿಟ್ಟ.

"ಲೀಲಾಧರರ ಮೇಲೆ ನಾನು ಹೇಳಿದ್ದು ಸುಳ್ಳು. ಅವರು ಇಣುಕಲಿಲ್ಲ. ನಾವು ಸ್ನಾನ ಮಾಡ್ತಾ ಇರಲಿಲ್ಲ. ನಾವು..." ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದಳು. "ನಾವು ಕಕ್ಕಸಿಗೆ ಕೂತಿದ್ದೆವು."

ಆ ಮಾತು ಕಾಪು ಪೇಟೆಯವರೆಗೂ ಕೇಳಿತು!

"ನಿಮ್ಮ ತಾಯಿ, ಹೆಂಡತಿ, ಮಗಳು ಎಲ್ಲರೂ ಅಲ್ಲಿಗೇ ಬರುವುದು. ನಿಮಗೆ ಗೊತ್ತುಂಟು. ಗೊತ್ತಿದ್ದೂ ಬೇಲಿ ಹಾಕಿದಿರಿ. ಬೇಡ ಅಂದವರು ಆ ಪರವೂರಿನವರು ಒಬ್ಬರೇ. ಪಂದ್ಯಾಟ ಆಗಲಿ, ಜನ ಬರಲಿ, ನಮಗೂ ಖುಷಿ ಉಂಟು. ಆದರೆ ನಾವು ಎಲ್ಲಿಗೆ ಹೋಗುವುದು?"

ಒಬ್ಬ ಗಂಡಸೂ ತಲೆ ಎತ್ತಲಿಲ್ಲ. ಮರುದಿನ ಆ ಭಾಗದ ಬೇಲಿಯನ್ನು ಬೂಬಣ್ಣನೇ ನಿಂತು ಕೀಳಿಸಿದ.

ಆದರೆ ಮನೆಯಲ್ಲಿ ಅಮ್ಮ ಪುಷ್ಪಾವತಿ ತಲೆ ಚಚ್ಚಿಕೊಂಡಳು. "ಮೈಕಿನಲ್ಲಿ ಹೇಳುವ ಮಾತಾ ಅದು? ಇನ್ನು ನಿನ್ನನ್ನು ಯಾರು ಮದುವೆ ಆಗ್ತಾರೆ?"

ಸ್ವರ್ಣಲತಾ ಮಾತ್ರ ಶಿರ್ವ, ಬೆಳ್ಮಣ್ ದಾರಿಯ ಬಸ್ಸು ಹತ್ತಿ ನಿಟ್ಟೆಯಲ್ಲಿ ಇಳಿದಳು.

ಕೋರೆಯಲ್ಲಿ ಲೀಲಾಧರ ಮನೆ ಕಟ್ಟುವ ಮುರಕಲ್ಲು ಕಡಿಯುತ್ತಿದ್ದ. ಮೈಯೆಲ್ಲ ಕೆಂಪು ಧೂಳು. ಅವಳನ್ನು ಕಂಡು ಕೈ ನಿಂತಿತು.

"ನಿಮ್ಮನ್ನು ಪುನಃ ತಂಡಕ್ಕೆ ಸೇರಿಸಿ ಅಂತ ಕೇಳಿದೆ," ಅವಳು ನೆಲ ನೋಡುತ್ತಾ ಹೇಳಿದಳು. "ಹೆಸರು ಕಳಿಸಿ ಆಗಿದೆಯಂತೆ. ಇನ್ನು ಆಗುವುದಿಲ್ಲವಂತೆ. ನಿಮ್ಮ ಆಟ ನಾನು ಕಳೆದೆ... ನನ್ನನ್ನು ಬೈಯಿರಿ."

"ಬೇಜಾರು ಉಂಟು. ಇಲ್ಲ ಅಂದರೆ ಸುಳ್ಳಾಗ್ತದೆ." ಅವನು ಬೆವರು ಒರೆಸಿಕೊಂಡ. "ಆದರೆ ನೀವು ಮೈಕಿನಲ್ಲಿ ಎಂತದೋ ಹೇಳಿದಿರಂತೆ. ಬಸ್ಸಿನ ಕಂಡಕ್ಟರ್ ಹೇಳಿದ. ಎಂತ ಹೇಳಿದ್ದು?"

ಇಡೀ ಊರಿಗೆ ಹೇಳಿದವಳಿಗೆ ಅವನೊಬ್ಬನೆದುರು ಬಾಯಿ ಬರಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಕೇಳಬೇಡಿ... ಇನ್ನು ನನ್ನನ್ನು ಯಾರೂ ಮದುವೆ ಆಗುವುದಿಲ್ಲ ಅಂತಾರೆ ಅಮ್ಮ."

"ನಾನು ಆಗ್ತೇನೆ."

ಸೆರಗು ಕೆಳಗಿಳಿಯಿತು. ಅವಳ ಕಣ್ಣು ತುಂಬಿತ್ತು.

"ಆದರೆ ಒಂದು ನಾಚಿಕೆಯ ಸಂಗತಿ ಉಂಟು," ಈಗ ಅವನೇ ತಲೆ ತಗ್ಗಿಸಿದ. "ನಮ್ಮ ಮನೆಯಲ್ಲೂ ಇಲ್ಲ. ಅಮ್ಮ ಗುಡ್ಡೆಗೆ ಹೋಗುವುದು. ಊರಿಗೆಲ್ಲ ಕಲ್ಲು ಕಡಿದು ಕೊಡುವವರು ನಾವು... ಮನೆಯಲ್ಲಿ ಒಬ್ಬನಿಗೂ ತೋಚಲಿಲ್ಲ. ಕಟ್ಟಿ ಮುಗಿಸಿ ನಿಮ್ಮನ್ನು ಕೇಳಲು ಬರ್ತೇನೆ. ಕಾಯ್ತೀರಾ?"

"ಕಾಯುವುದಿಲ್ಲ."

ಅವನ ಮುಖ ಕಳೆಗುಂದಿತು.

"ಕಟ್ಟುವ ಮೊದಲೇ ಬಂದು ಕೇಳಿ," ಎಂದಳು ಸ್ವರ್ಣಲತಾ. "ಕಲ್ಲು ಹೊರಲು ಒಂದು ಜನ ಬೇಡವಾ?"